ಹದ್ದುಬಂಡೆ

ಮೈಸೂರಿನಿಂದ ಜೀಪಿನಲ್ಲಿ ಬಂದ ಆ ಹುಡುಗಿ ಮೊದಲ ನೋಟಕ್ಕೇ ನನಗೆ ಹಿಡಿಸಲಿಲ್ಲ. ಅವಳು ಮಾಡಿದ ತಪ್ಪೇನೂ ದೊಡ್ಡದಲ್ಲ, ಬಿಡಿ. ಊರಿಗೆ ಬಂದವಳು ನೆಟ್ಟಗೆ ಮೇಲಿನ ಬೀದಿಗೆ ಹೋದಳು, ಪಂಚಾಯ್ತಿ ಮೆಂಬರ್ ಶಿವರಾಜುವಿನ ಜಗಲಿಯಲ್ಲಿ ಕೂತು ಕಾಫಿ ಕುಡಿದಳು, ಆಮೇಲೆ ‘ಕೇರಿಯಿಂದಲೂ ಒಂದಿಬ್ಬರು ಬರಲಿ’ ಎಂದು ಹೇಳಿಕಳಿಸಿದಳು. ಬಂದವರೆಲ್ಲ ಮಾಡುವುದೇ ಹಾಗೆ. ಜನಗಣತಿಯವರು, ಪೋಲಿಯೋ ಹನಿಯವರು, ಈಗ ಹಕ್ಕಿ ಎಣಿಸುವವರು. ಹೋಗಬಾರದು ಅಂತಲೇ ಇದ್ದೆ. ಆದರೆ ಅವಳು ಕೇಳುತ್ತಿರುವುದು ರಣಹದ್ದಿನ ವಿಚಾರ ಎಂದು ಗೊತ್ತಾದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಚಿಕ್ಕಪ್ಪ ಸಣ್ಣಯ್ಯನನ್ನು ಕರೆದುಕೊಂಡು ಹೊರಟೆ. ನನ್ನ ಅವ್ವ ಮಾದಮ್ಮ ಕೋಲು ಹಿಡಿದುಕೊಂಡು ಹಿಂದೆಯೇ ಬಂದಳು. ಬೇಡ ಅಂದರೆ ಕೇಳುವ ಹೆಂಗಸಲ್ಲ ಅವಳು.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಅಲ್ಲಿ ಏನಾಯಿತು ಎಂದು ಹೇಳುವ ಮೊದಲು ಹದ್ದುಬಂಡೆಯ ಕಥೆ ಹೇಳಬೇಕು. ಇಲ್ಲದಿದ್ದರೆ ನೀವೂ ಶಿವರಾಜು ಹೇಳಿದ್ದನ್ನೇ ನಂಬಿಬಿಡುತ್ತೀರಿ.

ನಮ್ಮೂರಿಂದ ಹೆಮ್ಮರಗಾಲದ ಕಡೆ ಹೋಗುವ ಗಾಡಿದಾರಿಯಲ್ಲಿ ನಾಲ್ಕು ಹುಣಸೆಮರ, ಅವುಗಳ ಮುಂದೆ ಅಂಗಳದಷ್ಟು ಅಗಲದ ಒಂದು ಬಂಡೆ. ಮೇಲಿನ ಬೀದಿಯಲ್ಲಿ ದನ ಸತ್ತರೆ ಕೇರಿಗೆ ಕೂಗು ಬರುತ್ತಿತ್ತು. ನನ್ನ ಅಪ್ಪ ದೇವಯ್ಯ, ಸಣ್ಣಯ್ಯ, ಇನ್ನಿಬ್ಬರು ಬೊಂಬು ಹಗ್ಗ ಹಿಡಿದು ಹೋಗಿ, ಕಾಲು ಕಟ್ಟಿ ಹೊತ್ತು ತಂದು ಆ ಬಂಡೆಯ ಮೇಲೆ ಹಾಕುತ್ತಿದ್ದರು. ಹೆಡಿಯಾಲದ ಕಡೆಯ ಕಾಡಿನಲ್ಲಿ ಎತ್ತರದ ಮತ್ತಿಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳು, ಬಿಸಿಲೇರುವ ಹೊತ್ತಿಗೆ ಇಷ್ಟು ದೂರ ಬಂದು ಹುಣಸೆಮರದಲ್ಲಿ ಸಾಲಾಗಿ ಕೂತಿರುತ್ತಿದ್ದವು. ಬೋಳು ಕತ್ತು, ರೆಕ್ಕೆ ಬಿಚ್ಚಿದರೆ ಬೆನ್ನ ಮೇಲೊಂದು ಬಿಳಿ ಪಟ್ಟೆ. ಅಪ್ಪ ಚರ್ಮ ಬಿಡಿಸಿ ಮುಗಿಸುವ ತನಕ ಒಂದೂ ಇಳಿಯುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅಪ್ಪ ಹತ್ತು ಹೆಜ್ಜೆ ಹಿಂದೆ ಬಂದು, ಚೂರಿಯ ಹಿಡಿಯಿಂದ ಕಲ್ಲಿಗೆ ಮೂರು ಸಲ ಬಡಿಯುತ್ತಿದ್ದ. ಟಕ್, ಟಕ್, ಟಕ್. ಅದೇ ಅಪ್ಪಣೆ. ದಡಬಡ ಇಳಿದವೆಂದರೆ ಅರ್ಧ ಗಂಟೆಯಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು. ‘ನಮ್ ಪಾಲ್ದಾರ್ರು ಕಣ್ಲಾ ಇವು, ಕಲ್ಗಿಲ್ ಬೀರ್ಬೇಡಿ’ ಎಂದು ಮಕ್ಕಳನ್ನು ಗದರುತ್ತಿದ್ದ.

ನನಗೆ ಆ ಬಂಡೆ ಅಂದರೆ ಹೇಸಿಗೆ. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಅಪ್ಪ ಆ ದಿನ ಬಂಡೆಗೆ ಹೋಗಿರಲಿ ಬಿಡಲಿ. ಹಾಗಾಗಿ ತೊಂಬತ್ತಮೂರರಲ್ಲಿ ಕೇರಿಯ ಯುವಕರೆಲ್ಲ ಸೇರಿ ಸಂಘ ಕಟ್ಟಿದಾಗ ನಾನೇ ಕಾರ್ಯದರ್ಶಿಯಾದೆ. ಇನ್ನು ಮುಂದೆ ಕೇರಿಯವರು ಯಾರೂ ಸತ್ತ ದನ ಹೊರಕೂಡದು, ಚರ್ಮ ಬಿಡಿಸಕೂಡದು ಎಂದು ಠರಾವು ಬರೆದದ್ದು ನನ್ನ ಕೈ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಅಪ್ಪನೂ ಒತ್ತಿದ. ಒತ್ತಿ, ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಳ್ಳುತ್ತ ಒಂದು ಮಾತು ಕೇಳಿದ.

“ಸರಿ ಕಣ್ಲಾ ಮಗ, ನಾವೇನೋ ಬುಟ್ಟೊ. ಅದ್ದುಗೋಳ್ಗೆ ಯಾರ್ಲಾ ಯೋಳ್ತಾರೆ?”

ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈ ಉರಿದುಹೋಯಿತು. “ನಿನ್ನ ಮೊಮ್ಮಕ್ಕಳ ಮಾನಕ್ಕಿಂತ ಆ ಬೋಳು ಹಕ್ಕಿ ಹೆಚ್ಚಾ ನಿನಗೆ?” ಎಂದು ಎಲ್ಲರೆದುರು ರೇಗಿದೆ. 

ಮೇಲಿನ ಬೀದಿಯವರು ಎರಡು ತಿಂಗಳು ನಮ್ಮನ್ನು ಕೂಲಿಗೆ ಕರೆಯಲಿಲ್ಲ. ನಾವು ಬಗ್ಗಲಿಲ್ಲ. ಕೊನೆಗೆ ಶಿವರಾಜುವೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದನ ಎಳೆಸಲು ಶುರುಮಾಡಿದ. ಚರ್ಮ ಬಿಡಿಸದೆ ಹಾಗೇ ಬಂಡೆಯ ಮೇಲೆ ಬಿಸಾಕಿ ಬರುತ್ತಿದ್ದರು. ಹದ್ದುಗಳು ಆಗಲೂ ಬಂದವು. ತೊಂಬತ್ತನಾಲ್ಕರಲ್ಲಿ ಬಂದವು, ಐದರಲ್ಲಿ ಬಂದವು, ಆರರಲ್ಲೂ ಬಂದವು. ಇದನ್ನು ನೆನಪಿಟ್ಟುಕೊಳ್ಳಿ. ನಾವು ಹೊರುವುದು ಬಿಟ್ಟ ಮೇಲೂ ಮೂರು ವರ್ಷ ಹುಣಸೆಮರ ತುಂಬಾ ಕೂರುತ್ತಿದ್ದವು.

ತೊಂಬತ್ತೈದರಲ್ಲಿ ನನಗೆ ತಿ. ನರಸೀಪುರದ ಕಡೆ ಪಶು ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಕೆಲಸ ಸಿಕ್ಕಿತು. ನನ್ನ ಜಂಬ ಕೇಳಬೇಡಿ. ಸತ್ತ ದನ ಹೊರುವವನ ಮಗ ಬದುಕಿರುವ ದನಕ್ಕೆ ಮದ್ದು ಕೊಡುವವನಾದ! ಭಾನುವಾರ ಊರಿಗೆ ಬಂದರೆ, ಜಗಲಿ ಹತ್ತಿಸದವರು ಕೊಟ್ಟಿಗೆಯೊಳಕ್ಕೇ ಕರೆಯುತ್ತಿದ್ದರು. “ಸಿದ್ದು, ಒಸಿ ಬಂದ್ ನೋಡಪ್ಪ.” ಆ ‘ಅಪ್ಪ’ ಅನ್ನುವುದನ್ನು ಕೇಳಲಿಕ್ಕೇ ನಾನು ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ತೊಂಬತ್ತಾರರ ಕೊನೆಗೆ ನೋವಿಗೊಂದು ಹೊಸ ಇಂಜೆಕ್ಷನ್ ಬಂತು, ಡೈಕ್ಲೋಫೆನಾಕ್ ಎಂದು. ಮೇಲೇಳಲಾಗದ ಹಸು ಅದನ್ನು ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಮೇವಿಗೆ ಬಾಯಿ ಹಾಕುತ್ತಿತ್ತು. ಬಾವು ಬಂದರೆ ಅದು, ಜ್ವರ ಬಂದರೆ ಅದು. ಬದುಕುವುದಿಲ್ಲ ಎಂದು ಗೊತ್ತಾದ ದನಕ್ಕೂ ಚುಚ್ಚುತ್ತಿದ್ದೆ. ಸಾಯುವುದಾದರೂ ನೋವಿಲ್ಲದೆ ಸಾಯಲಿ ಎಂದು. ಸತ್ತ ದನದ ಮೈ ಮಾತ್ರ ಕಂಡ ಮನೆತನದವನಿಗೆ, ದನದ ನೋವು ಇಳಿಸುವುದರಲ್ಲಿ ಎಂಥ ಸುಖವಿತ್ತು ಎಂದು ನಿಮಗೆ ಹೇಗೆ ಹೇಳುವುದು.

ತೊಂಬತ್ತೇಳರ ಬೇಸಿಗೆ. ಶಿವರಾಜುವಿನ ಅಪ್ಪ ದೊಡ್ಡಸಿದ್ದಯ್ಯನವರ ಬಿಳಿ ಎತ್ತಿಗೆ ತೊಡೆ ಊದಿಕೊಂಡಿತ್ತು. ಮೂರು ದಿನ ರಜ ಹಾಕಿ ಮೂರು ದಿನವೂ ಅದೇ ಇಂಜೆಕ್ಷನ್ ಕೊಟ್ಟೆ. ನಾಲ್ಕನೇ ದಿನ ಎತ್ತು ಸತ್ತಿತು. ಟ್ರ್ಯಾಕ್ಟರಿನಲ್ಲಿ ಎಳೆದು ಬಂಡೆಗೆ ಹಾಕಿದರು. ಮುಂದಿನ ಭಾನುವಾರ ನಾನು ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ, ಮೈಯೆಲ್ಲ ಮಣ್ಣು.

“ಕತ್ತು ಜೋಲಾಕಂಡ್ ಕೂತ್ಕತವೆ ಕಣ್ಲಾ. ಕೂತಂಗೇ ಬಿದ್ದೋಯ್ತವೆ. ಅದಿನೇಳ್ನ ಮಣ್ ಮಾಡ್ದೆ.”

“ಯಾವು?”

“ಅದ್ದುಗೋಳು ಕಣ್ಲಾ! ಚರ್ಮ ಬಿಡುಸ್ದೆ ಎಸೀತಾವ್ರಲ್ಲ, ಒಳ್ಗೇ ಕೊಳ್ತು ನಂಜಾಗದೆ. ಆ ನಂಜ ತಿಂದು ಸತ್ತೊ. ನಾವ್ ಬುಟ್ಟಿದ್ಕೇ ಆಗಿದ್ದಿದು.”

ನಾನು ಬಾಯಿಗೆ ಬಂದಂತೆ ಬೈದೆ. ಮೇಲಿನ ಬೀದಿಯವರ ಮಾತು ನಿನ್ನ ಬಾಯಲ್ಲಿ ಬರುತ್ತಿದೆ, ಗುಲಾಮಗಿರಿ ನಿನ್ನ ರಕ್ತದಲ್ಲೇ ಇದೆ ಎಂದೆ. ಹದ್ದುಗಳು ಯಾಕೆ ಸತ್ತವು ಎಂದು ಒಂದು ನಿಮಿಷ ಯೋಚಿಸಲಿಲ್ಲ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು ನಾನು.

ಹದಿನೈದು ದಿನ ಕಳೆಯಿತು. ಮತ್ತೊಂದು ಹಸು ಸತ್ತು ಬಂಡೆಗೆ ಬಿತ್ತು. ಅದಕ್ಕೂ ನಾನೇ ಚುಚ್ಚಿದ್ದೆ. ಅಂದು ಭಾನುವಾರ, ಮಧ್ಯಾಹ್ನ ಕೇರಿಯವರೆಲ್ಲ ಉಣ್ಣುವ ಹೊತ್ತಿಗೆ ಆ ಶಬ್ದ ಕೇಳಿಸಿತು. ಟಕ್, ಟಕ್, ಟಕ್. ನಾಲ್ಕು ವರ್ಷದಿಂದ ಕೇಳಿಸದ ಶಬ್ದ. ನಾವೆಲ್ಲ ಓಡಿದೆವು. ಅಪ್ಪ ಹಸುವಿನ ಚರ್ಮ ಪೂರ್ತಿ ಬಿಡಿಸಿ, ಹತ್ತು ಹೆಜ್ಜೆ ಹಿಂದೆ ನಿಂತು, ಆಕಾಶ ನೋಡುತ್ತಿದ್ದ. ಆಕಾಶದಲ್ಲಿ ಏನೂ ಇರಲಿಲ್ಲ. ನಮ್ಮನ್ನು ನೋಡಿಯೂ ನೋಡದವನ ಹಾಗೆ ಬಗ್ಗಿ ಮತ್ತೆ ಮೂರು ಸಲ ಬಡಿದ. ಹುಣಸೆಮರದಲ್ಲಿ ಒಂದು ಕಾಗೆ ಕೂಗಿತು ಅಷ್ಟೇ.

ಅವನ ಕೈಯಿಂದ ಚೂರಿ ಕಿತ್ತುಕೊಂಡವನು ನಾನು. ಸಾಯಂಕಾಲ ಸಂಘದ ಮುಂದೆ ನಿಲ್ಲಿಸಿದವನೂ ನಾನೇ. “ಕೇರಿ ಮರ್ಯಾದೆ ಮಾರ್ಬುಟ್ಟ ಇವ್ನು, ನಮ್ಮಪ್ಪ ಅಂತ ನಾನ್ ಬುಡಲ್ಲ” ಎಂದು ಕೂಗಿದೆ. ತಪ್ಪಾಯ್ತು ಎಂದು ಅವನ ಬಾಯಲ್ಲೇ ಹೇಳಿಸಿದೆ. ಅರವತ್ತು ದಾಟಿದ ಮನುಷ್ಯ ಕೈಮುಗಿದು ತಪ್ಪಾಯ್ತು ಅಂದ. ಮಾರನೇ ದಿನ ಡ್ಯೂಟಿಗೆ ಹೋಗುವಾಗ ಆ ಚೂರಿಯನ್ನು ಬುತ್ತಿ ಚೀಲದಲ್ಲಿ ಹಾಕಿಕೊಂಡು ಹೋಗಿ, ನರಸೀಪುರದ ಸೇತುವೆ ಮೇಲಿಂದ ಹೊಳೆಗೆ ಎಸೆದೆ. ಅಪ್ಪ ಆಮೇಲೆ ನಾಲ್ಕು ವರ್ಷ ಬದುಕಿದ್ದ. ನನ್ನ ಜೊತೆ ಒಂದು ಮಾತು ಆಡಲಿಲ್ಲ. ದಿನಾ ಬಂಡೆಯ ಹತ್ತಿರ ಹೋಗಿ ತಲೆಯೆತ್ತಿ ನೋಡಿ ಬರುತ್ತಿದ್ದ, ಎರಡು ಸಾವಿರದ ಒಂದರಲ್ಲಿ ತೀರಿಕೊಳ್ಳುವ ತನಕ.

ಈಗ ಸುತ್ತೋಲೆಯ ವಿಷಯ. ಹುಡುಗಿ ಬರುವ ಹದಿನೈದು ದಿನ ಮುಂಚೆ ನಾನಿದ್ದ ಆಸ್ಪತ್ರೆಗೆ ಒಂದು ಕಾಗದ ಬಂತು. ಡೈಕ್ಲೋಫೆನಾಕನ್ನು ಇನ್ನು ದನಗಳಿಗೆ ಕೊಡಕೂಡದು, ಆ ಮದ್ದು ಮೈಯಲ್ಲಿರುವಾಗ ಸತ್ತ ದನವನ್ನು ತಿಂದರೆ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂದು. ನಿಂತುಕೊಂಡು ಓದಿದೆ. ಆಮೇಲೆ ಕೂತುಕೊಂಡು ಓದಿದೆ. ಡಾಕ್ಟರು ರಜದಲ್ಲಿದ್ದರು. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡವನು ಯಾರಿಗೂ ತೋರಿಸಲಿಲ್ಲ.  ಅಷ್ಟು ಹೇಡಿ ನಾನು.

ಅದೇ ಕಾಗದ ಜೇಬಿನಲ್ಲಿದ್ದಾಗಲೇ ನಾನು ಶಿವರಾಜುವಿನ ಮನೆ ಮುಂದಿನ ಅರಳಿಕಟ್ಟೆಯ ಹತ್ತಿರ ಹೋಗಿ ನಿಂತದ್ದು. ಹುಡುಗಿಯ ಹೆಸರು ಬಿಂದುಶ್ರೀ. ಕತ್ತಿನಲ್ಲಿ ದುರ್ಬೀನು, ತೊಡೆ ಮೇಲೆ ರಟ್ಟಿಗೆ ಸಿಕ್ಕಿಸಿದ ನಮೂನೆ. ಆಗಲೇ ಹತ್ತು ಕಾಲಂ ತುಂಬಿಸಿದ್ದಳು.

“ಪ್ರಪಂಚದ ಪಟ್ಟೀಲಿ ಈ ಹಕ್ಕಿನ ತೀರಾ ಅಪಾಯದಲ್ಲಿರೋದು ಅಂತ ಸೇರಿಸಿದಾರೆ” ಎಂದು ಎಲ್ಲರಿಗೂ ವಿವರಿಸುತ್ತಿದ್ದಳು. “ಅದರ ಕೆಳಗಿರೋದು ಕಾಡಲ್ಲೇ ಇಲ್ಲ ಅನ್ನೋ ಪಟ್ಟಿ. ನಿಮ್ಮೂರಲ್ಲಿ ಯಾವಾಗಿಂದ ಕಮ್ಮಿ ಆದವು, ಯಾಕೆ ಆದವು ಅನ್ನೋದು ನಮಗೆ ಬೇಕು. ಹನ್ನೊಂದನೇ ಕಾಲಂ, ಕಾರಣ. ಹೇಳಿ ಸರ್.”

ಶಿವರಾಜು ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಬರ್ಕೊಳಿ ಮೇಡಂ. ತೊಂಬತ್ತಮೂರ್ರಲ್ಲಿ ಇವ್ರು ಸತ್ ದನ ಹೊರೋದ್ ಬಿಟ್ರು. ಚರ್ಮ ಬಿಡ್ಸೋರಿಲ್ಲ. ಕೊಳೆತಿದ್ ತಿಂದು ಹದ್ದುಗಳು ಸತ್ವು. ಇವ್ರ ಮನೆ ದೇವಯ್ಯನೇ ಹಂಗಂತಿದ್ದ, ಬೇಕಾರೆ ಕೇಳಿ.”

ಅವಳು ಬರೆದುಕೊಂಡಳು! ನನ್ನ ಮುಖ ಕೂಡ ನೋಡದೆ, ದುಂಡಗಿನ ಅಕ್ಷರದಲ್ಲಿ.

“ಪರಿಹಾರ ಏನು ಅಂತನೂ ಒಂದು ಕಾಲಂ ಇದೆ” ಅಂದಳು.

“ಸುಲಭ ಅಲ್ವಾ? ಬಂಡೆ ಹತ್ರ ಹದ್ದಿಗೆ ಊಟದ ಜಾಗ ಅಂತ ಮಾಡ್ಸಿ. ಸರ್ಕಾರದಿಂದ್ಲೇ ಆರ್ಡರ್ ತನ್ನಿ. ಈ ಕೇರಿಯೋರ್ನೇ ಕೆಲ್ಸಕ್ಕೆ ಹಾಕ್ಕೊಳಿ, ಸಂಬ್ಳ ಕೊಡ್ಲಿ. ಅವ್ರಿಗ್ ಬಂದಿರೋ ಕಸುಬು ಅವ್ರೇ ಮಾಡ್ಬೇಕು, ನಮಗ್ ಬರುತ್ತಾ? ಪಂಚಾಯ್ತೀಲಿ ನಾನ್ ಪಾಸ್ ಮಾಡಿಸ್ಕೊಡ್ತೀನಿ.”

ಹದಿಮೂರು ವರ್ಷ ಕಾದು ಕೂತಿದ್ದ ಅವನು. ಹಕ್ಕಿಯ ಹೆಸರು ಹೇಳಿ ಬೊಂಬನ್ನು ಮತ್ತೆ ನಮ್ಮ ಹೆಗಲಿಗೆ ಏರಿಸಲು. ಹುಡುಗಿ ತಲೆಯಾಡಿಸಿ ಅದನ್ನೂ ಬರೆಯತೊಡಗಿದಳು. ಸಣ್ಣಯ್ಯನ ಮಗ ಆ ವರ್ಷ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ, ಕೆಲಸ ಇಲ್ಲ. ಸರ್ಕಾರದ ಸಂಬಳ ಅಂದರೆ ಅವನನ್ನೇ ಮೊದಲು ಎಳೆಯುತ್ತಾರೆ. ಸಣ್ಣಯ್ಯ ನನ್ನ ತೋಳು ಹಿಡಿದುಕೊಂಡ. 

“ಹೊಡೀಮ್ಮ ಕಾಟು” ಎಂದೆ.

“ಏನು ಸರ್?”

“ಬರೆದಿದ್ದೀಯಲ್ಲ, ಅದನ್ನ ಹೊಡೆದುಹಾಕು. ಸುಳ್ಳು ಅದು.”

ಶಿವರಾಜು ಎದ್ದುನಿಂತ. “ಲೇ ಸಿದ್ದು, ಗೌರ್ಮೆಂಟ್ ಕೆಲ್ಸ ಸಿಕ್ತು ಅಂತ ತಲೆಮೇಲೆ ಕೂರ್ಬೇಡ. ಸುಳ್ಳು ಅಂತೀಯಲ್ಲ, ನಿಜ ಏನು? ನೀನೇ ಯೋಳು. ಅದ್ಯಾಕ್ ಸತ್ವು?”

ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿ ಇತ್ತು. ಕಾಡು ಕಡಿದದ್ದಕ್ಕೆ ಅನ್ನಬಹುದಿತ್ತು, ಕಾಯಿಲೆ ಬಂತು ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅವ್ವ ನನ್ನ ಕಡೆ ತಿರುಗಿದಳು. ಅಪ್ಪ ಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ನಿಂತದ್ದು ಅವಳಿಗೂ ಗೊತ್ತು. ನಾನು ಕಾಗದ ತೆಗೆದು ಹುಡುಗಿಯ ರಟ್ಟಿನ ಮೇಲೆ ಇಟ್ಟೆ.

“ಓದು, ಎಲ್ಲರಿಗೂ ಕೇಳೋ ಹಾಗೆ ಓದು.”

ಓದಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. “ಇದು ನಮಗೂ ಗೊತ್ತಿತ್ತು ಸರ್” ಎಂದಳು. “ಆದರೆ ಈ ಊರಲ್ಲಿ ಈ ಇಂಜೆಕ್ಷನ್ ಯಾರೂ ಬಳಸ್ತಿರಲಿಲ್ಲ ಅಂತ ಮೆಂಬರ್ ಹೇಳಿದರು.”

“ಗೊತ್ತಿದ್ದೂ ಅದನ್ನ ಬರ್ಕೊಂಡೆಯಾ? ಹದ್ದು ಹದ್ದು ಅಂತ ಜೀಪ್ ಹತ್ತಿ ಬಂದೆಯಲ್ಲ, ಕೇರಿ ಕಡೆ ನಾಲ್ಕು ಹೆಜ್ಜೆ ಹಾಕಿ ಕೇಳೋಕ್ಕಾಗಲಿಲ್ವಾ ನಿನಗೆ? ನಾವು ಬಿಟ್ಟ ಮೇಲೆ ಮೂರು ವರ್ಷ ಹದ್ದು ಬಂದವೆ. ಸತ್ತದ್ದು ತೊಂಬತ್ತೇಳರಲ್ಲಿ. ದೊಡ್ಡಸಿದ್ದಯ್ಯನೋರ ಬಿಳಿ ಎತ್ತು ತಿಂದು ಸತ್ತವು. ಆ ಎತ್ತಿಗೆ ಮೂರು ದಿನ ಈ ಇಂಜೆಕ್ಷನ್ ಚುಚ್ಚಿದೋನು ನಾನು. ಆಮೇಲೆ ಬಿದ್ದ ಹಸುಗೂ ನಾನೇ. ಈ ಬೀದೀಲಿ ಹತ್ತು ವರ್ಷದಿಂದ ಸತ್ತ ಒಂದೊಂದು ದನಕ್ಕೂ ನಾನೇ. ಈಗಲೂ ಊಟದ ಜಾಗ ಮಾಡಿ ಅದೇ ದನ ಹಾಕಿದರೆ, ಕಾಡಲ್ಲಿ ಉಳಿದಿರೋ ನಾಲ್ಕೂ ಬಂದು ತಿಂದು ಸಾಯ್ತವೆ. ಬರ್ಕೋ ಇದನ್ನ.”

 ಮೊದಲು ಸಿಡಿದವನು ಶಿವರಾಜು. “ಅಂಗಾರೆ ನಮ್ ಎತ್ಗೆ ಇಸ ಚುಚ್ಚಿದ್ಯೇನ್ಲಾ ನೀನು?” ಎಂದು ಕೊರಳಪಟ್ಟಿಗೆ ಕೈ ಹಾಕಲು ಬಂದ. ಎತ್ತಿಗೆ ಅದು ವಿಷ ಅಲ್ಲ, ತಿಂದ ಹದ್ದಿಗೆ ವಿಷ ಎಂದು ಹುಡುಗಿ ನಡುವೆ ಬಂದು ಹೇಳಿದಳು. ಅವನಿಗೆ ಅದು ಬೇಕಿರಲಿಲ್ಲ. “ಇನ್ಮೇಲೆ ನಮ್ ಕೊಟ್ಗೆ ಒಸ್ಲು ತುಳುದ್ರೆ ಕಾಲ್ ಮುರೀತೀನಿ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಳಾಗಿ ಹೋಗಲಿ ಎಂದುಕೊಂಡೆ.

ಆದರೆ ಸಣ್ಣಯ್ಯ ನನ್ನ ತೋಳು ಬಿಟ್ಟಿದ್ದ. ಎರಡು ಹೆಜ್ಜೆ ದೂರ ಸರಿದು ನಿಂತಿದ್ದ.

“ಅಂಗಾರೆ ನಮ್ಮಣ್ಣನ್ ತಪ್ಪೇನೂ ಇರ್ನಿಲ್ಲ” ಅಂದ. “ಅದ್ದುಗೋಳ್ ಉಳ್ಸಕ್ ಚರ್ಮ ಬಿಡುಸ್ದೋನ್ನ ಸಂಗದ್ ಮುಂದೆ ನಿಲ್ಸಿ ಉಗುಸ್ದಲ್ಲೋ ಪಾಪಿ. ನಾವೂ ನಿನ್ ಮಾತ್ ಕಟ್ಕಂಡು ಉಗುದ್ವಲ್ಲೋ.”

 ನಾನು ಹುಡುಗಿಯ ಮೇಲೆ ರೇಗಿದೆ. “ಏನ್ ನೋಡ್ತೀಯಾ? ಹೊಡಿ ಕಾಟು!”

ಅವಳು ಆ ಎರಡು ಕಾಲಮ್ಮುಗಳ ಮೇಲೆ ಅಡ್ಡಗೆರೆ ಎಳೆದಳು. ಪಕ್ಕದಲ್ಲಿ ಹೊಸದಾಗಿ ಬರೆದಳು. ಬರೆದದ್ದನ್ನು ನನಗೆ ಓದಿ ಹೇಳಿದಳು. ಸರಿ ಇತ್ತು. ಈ ನಮೂನೆ ವರದಿಗೆ ಹೋಗುತ್ತದೆ, ಮಾಹಿತಿ ಕೊಟ್ಟವರು ಸಹಿ ಮಾಡಬೇಕು ಎಂದಳು. ಸುತ್ತೋಲೆ ಮುಚ್ಚಿಟ್ಟದ್ದಕ್ಕೆ ಮೇಲಿನವರು ಕೇಳಿದರೆ ಕೆಲಸಕ್ಕೆ ತೊಂದರೆಯಾಗಬಹುದು, ಬೇಕಾದರೆ ಹೆಸರು ಬಿಡುತ್ತೇನೆ ಅಂತಲೂ ಅಂದಳು. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ್ದಳು.

“ಬರಿ. ಹೆಸರಿಲ್ಲದಿದ್ದರೆ ನಾಳೆ ಮತ್ತೆ ಕೇರಿಯೋರೇ ಅಂತಾರೆ.”

“ಹೆಸರು?”

“ಸಿದ್ದು. ಕಾಂಪೌಂಡರ್ ಅಂತ ಬರಿ.”

“ತಂದೆ ಹೆಸರು?”

“ದೇವ...” ಎಂದು ಬಾಯಿ ತೆರೆದೆ. ಕೋಲೂರಿ ನಿಂತಿದ್ದ ಅವ್ವ ಮುಂದೆ ಬಂದು, ಹುಡುಗಿಯ ಪೆನ್ನು ಹಿಡಿದ ಕೈಯ ಮೇಲೆ ತನ್ನ ಕೈ ಇಟ್ಟಳು.

“ಬ್ಯಾಡ ಕಣವ್ವ” ಎಂದಳು. “ಅದ್ದು ಕೊಂದೋರ ಕಾಗುದ್ದಲ್ಲಿ ನನ್ ಗಂಡನ್ ಎಸ್ರು ಬರೀಬ್ಯಾಡ. ಅವ್ನು ಮಣ್ ಮಾಡ್ದೋನು.”

ಹುಡುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಆ ಜಾಗ ಖಾಲಿ ಬಿಟ್ಟು ನನ್ನಿಂದ ಸಹಿ ಹಾಕಿಸಿಕೊಂಡಳು.